ಐದು ವರ್ಷಕ್ಕೆ ನಾಲ್ಕು ತಿಂಗಳು ಕಡಿಮೆ

ನಮ್ಮ ಮನೆಯ ಎಲ್ಲರ ಪಾಸ್‌ವರ್ಡುಗಳೂ ನನ್ನ ದಿನಚರಿಯ ಕೊನೆಯ ಪುಟದಲ್ಲಿವೆ. ಅಪ್ಪನ ಇ-ಮೇಲ್ ಖಾತೆ ತೆರೆದವಳು ನಾನು, ವಾರಕ್ಕೊಮ್ಮೆ ಅದನ್ನು ನೋಡುವವಳೂ ನಾನು. ಹೀಗಾಗಿ ನವೆಂಬರ್ 4ರಂದು ಆದಾಯ ತೆರಿಗೆಯ ನೋಟಿಸು ಅಪ್ಪನ ಹೆಸರಿಗೆ ಬಂದರೂ ಮೊದಲು ಓದಿದ್ದು ನಾನೇ. ಇಂದಿರಾನಗರದ ಲ್ಯಾಬಿನಲ್ಲಿ ಬೆಳಗಿನ ರಕ್ತದ ಸ್ಯಾಂಪಲ್‌ಗಳನ್ನು ಯಂತ್ರಕ್ಕೆ ಹಾಕಿ ಕಾಯುತ್ತಿದ್ದೆ. ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು.

ನೋಟಿಸಿನ ಭಾಷೆ ಕಠಿಣವಾಗಿತ್ತು, ಅರ್ಥ ಮಾತ್ರ ಸರಳ. ಎರಡೂವರೆ ವರ್ಷದ ಹಿಂದೆ ಅಪ್ಪ ಕೆಲಸ ಬಿಟ್ಟು ಪಿಎಫ್ ಹಣವನ್ನೆಲ್ಲ ತೆಗೆದಿದ್ದರು. ಸೇವೆ ಐದು ವರ್ಷ ತುಂಬಿರಲಿಲ್ಲ. ತುಂಬದೆ ತೆಗೆದ ಹಣಕ್ಕೆ ತೆರಿಗೆ ಇದೆ. ಅದನ್ನು ಲೆಕ್ಕದಲ್ಲಿ ತೋರಿಸಿಲ್ಲ. ದಂಡ ಏಕೆ ಹಾಕಬಾರದು ಎಂಬುದಕ್ಕೆ ಹದಿನೈದು ದಿನದೊಳಗೆ ವಿವರಣೆ ಕೊಡಬೇಕು.

ತೋರಿಸದೆ ಬಿಟ್ಟವಳೂ ನಾನೇ. ಆ ವರ್ಷದ ರಿಟರ್ನ್ಸನ್ನು ಮೊದಲ ಬಾರಿಗೆ ನಾನೇ ಆನ್‌ಲೈನಿನಲ್ಲಿ ತುಂಬಿದ್ದೆ. ಪಿಎಫ್ ಹಣಕ್ಕೆ ತೆರಿಗೆ ಇಲ್ಲ ಎಂದು ಎಲ್ಲರೂ ಹೇಳುತ್ತಿದ್ದರು, ನಾನೂ ನಂಬಿದ್ದೆ. ಅಪ್ಪ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು, "ನೋಡೇ, ನಮ್ಮನೆ ಆಡಿಟರ್ರು," ಎಂದು ಅಮ್ಮನಿಗೆ ತೋರಿಸಿದ್ದರು.

ದಿನಚರಿ ಬರೆಯುವುದು ಒಂಬತ್ತನೇ ತರಗತಿಯಿಂದ ಬಂದ ಅಭ್ಯಾಸ. ಇನ್ನೂರು ಪುಟದ ಗೆರೆ ಹಾಕಿದ ಪುಸ್ತಕ. ಗ್ಯಾಸ್ ಸಿಲಿಂಡರ್ ಬದಲಿಸಿದ ದಿನ, ಟ್ಯಾಂಕರ್ ನೀರು ಬಂದ ದಿನ, ಯಾರಿಗೆ ಎಷ್ಟು ಜ್ವರ, ಯಾರು ಎಷ್ಟು ಹೊತ್ತಿಗೆ ಮನೆಗೆ ಬಂದರು. "ಈ ಮನೇಲಿ ಕೆಮ್ಮಿದ್ರೂ ರೆಕಾರ್ಡ್ ಆಗುತ್ತೆ ಕಣೇ," ಎಂದು ಅಪ್ಪ ಅಮ್ಮನನ್ನು ಎಚ್ಚರಿಸುತ್ತಿದ್ದರು. ಲ್ಯಾಬಿಗೆ ಸೇರಿದ ಮೇಲೆ ಈ ಚಟಕ್ಕೆ ಸಂಬಳವೂ ಬರತೊಡಗಿತು. ಅಲ್ಲಿ ದಿನಾಂಕ, ವೇಳೆ ಇಲ್ಲದ ಸ್ಯಾಂಪಲ್ ಕಸಕ್ಕೆ ಸಮ. ಬರೆದದ್ದು ತಪ್ಪಾದರೆ ಅಳಿಸುವಂತಿಲ್ಲ, ವೈಟ್ನರ್ ಹಚ್ಚುವಂತಿಲ್ಲ. ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಅಂದಿನ ದಿನಾಂಕ ಹಾಕಿ ಸಹಿ ಮಾಡಬೇಕು. ಕೆಳಗಿನ ತಪ್ಪು ಓದಲು ಬರುತ್ತಿರಬೇಕು.

ಅಂದು ಸಂಜೆ ರಾಮಮೂರ್ತಿ ನಗರದ ನಮ್ಮ ಬಾಡಿಗೆ ಮನೆಗೆ ಬಂದು ಹಳೆಯ ಪುಸ್ತಕ ತೆಗೆದೆ. ಎಲ್ಲವೂ ಇತ್ತು.

ಏಪ್ರಿಲ್ 15: "ಅಪ್ಪನ ಕಂಪನಿ ಮುಚ್ಚಿತು. ಅಮ್ಮ ಅತ್ತಳು. ಫೀಸಿಗೆ 86 ದಿನ."

ಜುಲೈ 8: "ಪಿಎಫ್ ಹಣ ಬಂದಿದೆ. ಎರಡನೇ ವರ್ಷದ ಫೀಸು ಕಟ್ಟಿ ಬಂದೆವು. ಇನ್ನೂ 2 ದಿನ ಇತ್ತು."

ಜುಲೈ 12: "ಕಂಪನಿ ಮತ್ತೆ ತೆಗೆಯಬಹುದು ಎಂದು ಅಪ್ಪ 7.40ಕ್ಕೆ ಡಬ್ಬಿ ತೆಗೆದುಕೊಂಡು ಹೋದರು. 1.20ಕ್ಕೆ ವಾಪಸ್. ತೆಗೆದಿಲ್ಲವಂತೆ. ಡಬ್ಬಿ ಖಾಲಿ."

ಅದಾದ ಮೇಲೆ ಅಪ್ಪ ಲೇತ್ ಕೆಲಸಕ್ಕೆ ಹೋಗಲಿಲ್ಲ. ಕಲ್ಯಾಣ ನಗರದ ಒಂದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೆಕ್ಯುರಿಟಿ ಆದರು. ಐವತ್ತೊಂದು ವರ್ಷದ ಟರ್ನರ್‌ಗೆ ಈಗ ಬೇರೆ ಕಡೆ ಯಾರು ಕೆಲಸ ಕೊಡುತ್ತಾರೆ ಎಂದು ಅವರೇ ಹೇಳಿದರು, ನಾವು ನಂಬಿದೆವು.

ನೋಟಿಸಿನ ವಿಷಯ ಹೇಳಿದಾಗ ಅಮ್ಮ ಸೀರೆಗೆ ಫಾಲ್ಸ್ ಹೊಲಿಯುತ್ತಿದ್ದಳು. "ಕಂಪನಿ ಮುಚ್ಚಿ ಬೀದಿಗೆ ಬಿಟ್ಟಾಗ ಸರ್ಕಾರಕ್ಕೆ ನಿಮ್ಮಪ್ಪನ ನೆನಪು ಇರ್ಲಿಲ್ಲ. ಈಗ ಬಂತಾ? ಆ ಓನರ್ ಇದಾನಲ್ಲ, ಅವನ ಮನೆ ಹಾಳಾಗ!" ಓನರಿಗೆ ಶಾಪ ಹಾಕುವುದು ಅವಳಿಗೆ ದಿನದ ಕೆಲಸವೇ ಆಗಿತ್ತು. ಅಕ್ಕಿಯ ಬೆಲೆ ಏರಿದರೂ, ಬಸ್ಸು ತಪ್ಪಿದರೂ ಕೊನೆಗೆ ಅವನ ಮೇಲೆಯೇ ಬಂದು ನಿಲ್ಲುತ್ತಿತ್ತು.

ಅಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ. "ಕಟ್ಬಿಡೋಣ ಬಿಡಮ್ಮ," ಎಂದಷ್ಟೇ ಹೇಳಿದರು.

"ಯಾಕ್ ಕಟ್ಬೇಕು?" ಎಂದೆ. "ಕಂಪನಿನೇ ಮುಚ್ಚಿದ್ರೆ ನಿಮ್ಮ ತಪ್ಪೇನಿದೆ?"

ಅವರು ಸಾರು ಕೇಳಿದರು.

ನವೆಂಬರ್ 7ರ ಶುಕ್ರವಾರ, ಡ್ಯೂಟಿ ಮುಗಿದ ಮೇಲೆ ಜೋಗುಪಾಳ್ಯಕ್ಕೆ ಹೋದೆ. ಝೆರಾಕ್ಸ್ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ತೆರಿಗೆ ಕಾಗದಪತ್ರ ನೋಡಿಕೊಡುವ ಹಿರಿಯರೊಬ್ಬರಿದ್ದಾರೆ ಎಂದು ಲ್ಯಾಬಿನವರು ಹೇಳಿದ್ದರು. ಅವರು ನನ್ನ ಫೋನನ್ನು ಕಣ್ಣಿನಿಂದ ದೂರ ಹಿಡಿದು ಓದಿದರು.

"ಸೇರಿದ್ದು ಆಗಸ್ಟ್ ಹದಿನಾರು. ಬಿಟ್ಟಿದ್ದು ಏಪ್ರಿಲ್ ಹದಿನೈದು. ನಾಲ್ಕು ವರ್ಷ ಎಂಟು ತಿಂಗಳು. ಅಯ್ಯಯ್ಯೋ ಏನ್ಮಾ, ಇನ್ನು ನಾಲ್ಕು ತಿಂಗಳು ತಡ್ಕೊಂಡಿದ್ರೆ ಈ ಪೇಪರ್ರೇ ಬರ್ತಿರ್ಲಿಲ್ವಲ್ಲಮ್ಮಾ!"

"ಅವರಾಗಿ ಬಿಟ್ಟಿದ್ದಲ್ಲ ಸರ್. ಕಂಪನಿ ಮುಚ್ಚೋಯ್ತು."

ಅವರು ಫೋನು ಕೆಳಗಿಟ್ಟರು. "ಹಂಗಾ? ಮೊದಲೇ ಹೇಳೋದಲ್ವಾ! ಕಾಯಿಲೆ ಬಿದ್ದೋ, ಕಂಪನಿ ಮುಚ್ಚಿಯೋ ಕೆಲಸ ಹೋದ್ರೆ ಐದು ವರ್ಷದ ರೂಲ್ ಇಲ್ಲ. ಟ್ಯಾಕ್ಸೂ ಇಲ್ಲ, ದಂಡಾನೂ ಇಲ್ಲ. ಮುಚ್ಚಿದ್ದಕ್ಕೆ ಒಂದು ಸಾಕ್ಷಿ ಬೇಕು, ಅಷ್ಟೇ."

"ಮುಚ್ಚಿದ ಕಂಪನಿಯವರು ಲೆಟರ್ ಹೇಗೆ ಕೊಡ್ತಾರೆ ಸರ್?"

"ಪಕ್ಕದ ಶೆಡ್ಡವರನ್ನ ಕೇಳು, ಓನರ್ ಎಲ್ಲಿದಾನೆ ಅಂತ. ಸಿಗ್ಲಿಲ್ವಾ? ಬೀಗ ಹಾಕಿರೋ ಬಾಗಿಲಿನ ಫೋಟೋ ಒಂದು ಹೊಡ್ಕೊಂಡ್ ಬಾ. ಡೇಟ್ ಬೀಳೋ ಥರ ಹೊಡಿ."

ಡೇಟ್ ಬೀಳುವ ಹಾಗೆ! ಅದನ್ನು ನನಗೆ ಹೇಳಬೇಕೆ ಎಂದು ನಗು ಬಂತು. ಮೆಟ್ಟಿಲಿಳಿಯುವಾಗ ಮನಸ್ಸು ಹಗುರವಾಗಿತ್ತು. ಅಪ್ಪನಿಗೆ ಹೇಳಲಿಲ್ಲ. ಎಲ್ಲ ಮುಗಿಸಿ, ನೋಡಿ ಏನೂ ಕಟ್ಟಬೇಕಾಗಿಲ್ಲ ಎಂದು ಒಮ್ಮೆಗೇ ತೋರಿಸೋಣ ಎಂದುಕೊಂಡೆ.

ನವೆಂಬರ್ 10, ವಾರದ ರಜೆ. ಉತ್ತರಕ್ಕೆ ಒಂಬತ್ತು ದಿನ ಉಳಿದಿತ್ತು. ಕೆ.ಆರ್. ಪುರಂ ಸ್ಟೇಷನ್ನಿನ ಆಚೆ, ಸಣ್ಣ ಸಣ್ಣ ಶೆಡ್ಡುಗಳು ಸಾಲಾಗಿರುವ ಬೀದಿಗೆ ಹೋದೆ. ಶಾಲೆಯಲ್ಲಿದ್ದಾಗ ಒಮ್ಮೆ ಆಯುಧಪೂಜೆಗೆ ಅಪ್ಪನ ಜೊತೆ ಬಂದಿದ್ದೆ. ಹಸಿರು ಗೇಟು, ಪಕ್ಕದಲ್ಲಿ ನೀರಿನ ಸಿಮೆಂಟ್ ತೊಟ್ಟಿ, ಅಷ್ಟು ನೆನಪಿತ್ತು. ಫೋನಿನ ಕ್ಯಾಮೆರಾ ತೆರೆದು ಕೈಯಲ್ಲಿ ಹಿಡಿದೇ ನಡೆದೆ.

ಗೇಟು ತೆರೆದಿತ್ತು. ಒಳಗೆ ಯಂತ್ರಗಳು ಓಡುತ್ತಿದ್ದವು. ಅಪ್ಪ ಸಂಜೆ ಮನೆಗೆ ಬರುವಾಗ ಅವರ ಅಂಗಿಯ ಜೊತೆ ಬರುತ್ತಿದ್ದ ವಾಸನೆ, ಬಿಸಿ ಕಬ್ಬಿಣಕ್ಕೆ ಬಿಳಿ ಎಣ್ಣೆನೀರು ಬಿದ್ದಾಗ ಏಳುವ ವಾಸನೆ, ಬಾಗಿಲಲ್ಲೇ ಮೂಗಿಗೆ ಬಡಿಯಿತು. ಎರಡೂವರೆ ವರ್ಷದಿಂದ ನಮ್ಮ ಮನೆಯಲ್ಲಿ ಆ ವಾಸನೆ ಇರಲಿಲ್ಲ ಎಂಬುದು ಆಗ ಹೊಳೆಯಿತು. ಅದನ್ನು ನಾನು ಎಲ್ಲೂ ಬರೆದುಕೊಂಡಿರಲಿಲ್ಲ.

ಬಿಳಿ ಗಡ್ಡದ ಒಬ್ಬರು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. "ಯಾರು ಬೇಕಮ್ಮಾ?"

ಅಪ್ಪ ಯಾರೆಂದು ಹೇಳಿದೆ. ಅವರ ಮುಖವೆಲ್ಲ ಅರಳಿತು.

"ಅರೇ! ಲ್ಯಾಬ್ ಬೇಟೀ! ಓದು ಮುಗೀತಾ? ಕೆಲಸ ಸಿಕ್ತಾ? ಮಾಷಾ ಅಲ್ಲಾ! ಬಾ ಬಾ, ಚಾಯ್ ಕುಡಿ. ಅಣ್ಣ ಹೇಗಿದಾರೆ? ಒಂದ್ ಫೋನೂ ಮಾಡಲ್ಲ ಮನುಷ್ಯ."

ಶಿವಾಜಿನಗರದಿಂದ ದಿನವೂ ಬರುವ ಅವರು ಅಪ್ಪನ ಪಕ್ಕದ ಲೇತಿನವರು. ಮನೆಯಲ್ಲಿ ಅಪ್ಪ ಅವರನ್ನು ಚಾಚಾ ಎಂದೇ ಹೇಳುತ್ತಿದ್ದರಿಂದ ನನ್ನ ಬಾಯಿಗೂ ಅದೇ ಬಂತು.

"ಚಾಚಾ, ಕಂಪನಿ ಮತ್ತೆ ಯಾವಾಗ ತೆಗೆದ್ರು?"

"ತೆಗೆಯೋದು? ಮುಚ್ಚಿದ್ರೆ ತಾನೇ ಬೇಟಾ ತೆಗೆಯೋದು?"

ಕೈಯಲ್ಲಿ ಫೋನಿತ್ತು, ಕ್ಯಾಮೆರಾ ಇನ್ನೂ ತೆರೆದೇ ಇತ್ತು. ಆಫ್ ಮಾಡಿ ಬ್ಯಾಗಿಗೆ ಹಾಕಿಕೊಂಡೆ.

ನನಗೆ ಗೊತ್ತಿಲ್ಲ ಎಂಬುದು ಅವರಿಗೆ ತಿಳಿಯುವಷ್ಟರಲ್ಲಿ ಅರ್ಧ ಹೇಳಿಯಾಗಿತ್ತು. ನೋಟಿಸಿನ ವಿಷಯ ತಿಳಿಸಿ, ಮಿಕ್ಕ ಅರ್ಧವನ್ನು ನಾನು ಕೇಳಿ ಹೇಳಿಸಿಕೊಂಡೆ. ಆ ಬೀದಿಯ ಶೆಡ್ಡುಗಳಲ್ಲಿ ಅದು ಎಲ್ಲರೂ ಮಾಡುವ ಕೆಲಸವಂತೆ. ಕೆಲಸದಲ್ಲಿರುವಾಗ ಪಿಎಫ್ ಪೂರ್ತಿ ಕೈಗೆ ಬರುವುದಿಲ್ಲ. ಹಾಗಾಗಿ ದೊಡ್ಡ ಖರ್ಚು ಬಂದಾಗ ಕಾಗದದ ಮೇಲೆ ರಾಜೀನಾಮೆ ಕೊಡುವುದು, ಎರಡು ತಿಂಗಳು ಮನೆಯಲ್ಲಿ ಕೂರುವುದು, ಹಣ ಬಂದ ಮೇಲೆ ಅದೇ ಯಂತ್ರಕ್ಕೆ ವಾಪಸು ಬರುವುದು. ಓನರು ಬೇಡ ಅನ್ನುವುದಿಲ್ಲ.

"ನಾನೇ ಎರಡು ಸಲ ಮಾಡಿದೀನಿ. ಒಂದು ಮಗಳ ಶಾದಿಗೆ, ಒಂದು ಆಪರೇಷನ್‌ಗೆ. ಯಾವ ನೋಟೀಸೂ ಬರ್ಲಿಲ್ಲ, ನನ್ನದು ಹಳೇ ಸರ್ವೀಸು, ಎರಡು ಸಲಾನೂ ಐದು ವರ್ಷ ದಾಟಿತ್ತು. ನಾನೇ ಅಣ್ಣಂಗೆ ಹೇಳ್ದೆ, ಮಾಡು ಅಂತ." ಅವರು ಗ್ಲಾಸನ್ನು ಕೈಯಲ್ಲೇ ತಿರುಗಿಸುತ್ತಿದ್ದರು. "ದಿನಾ ಬೆಳಗ್ಗೆ ಬಂದು ಹೇಳೋರು. ಇವತ್ತಿಗೆ ತೊಂಬತ್ತು, ಇವತ್ತಿಗೆ ಎಂಬತ್ತೊಂಬತ್ತು. ಏನಣ್ಣಾ ಇದು, ಉಪವಾಸಾನಾ ಅಂದ್ರೆ, ಮಗಳು ಕ್ಯಾಲೆಂಡರಲ್ಲಿ ಹೊಡೀತಾಳೆ ಅನ್ನೋರು. ಹೆಮ್ಮೆ ಅವರಿಗೆ. ಎಂಬತ್ತಾರು ಅಂದ ದಿನ ರಾಜೀನಾಮೆ ಪೇಪರ್ ಕೊಟ್ಬಿಟ್ರು."

ಅದು ಅಡುಗೆಮನೆಯ ಗೋಡೆಯ ಕ್ಯಾಲೆಂಡರು. ಕಾಲೇಜಿನವರು ಫೀಸಿನ ಕೊನೆಯ ದಿನ ಜುಲೈ 10 ಎಂದು ಹೇಳಿದ ಮೇಲೆ ಏಪ್ರಿಲ್ 1ರಿಂದ ಒಂದೊಂದೇ ದಿನಕ್ಕೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ ಉಳಿದ ದಿನ ಬರೆಯುತ್ತಿದ್ದೆ. ನೂರು, ತೊಂಬತ್ತೊಂಬತ್ತು. ಯಾರನ್ನೂ ಅವಸರಪಡಿಸಲು ಅಲ್ಲ. ಎಣಿಸಿದರೆ ನನಗೆ ಸಮಾಧಾನ. ಅಪ್ಪ ಕಾಫಿ ಲೋಟ ಹಿಡಿದು ಅದರ ಮುಂದೆ ನಿಲ್ಲುತ್ತಿದ್ದರು. ನಮ್ಮ ತರಗತಿಯಲ್ಲಿ ಆಫೀಸಿನಲ್ಲಿ ಕೇಳಿಕೊಂಡು ಕಂತಿನಲ್ಲಿ ಕಟ್ಟಿದವರೂ ಇದ್ದರು. ಕೇಳಬಹುದು ಎಂಬುದೇ ನನಗೆ ಗೊತ್ತಿರಲಿಲ್ಲ.

"ಮತ್ತೆ ಯಾಕೆ ವಾಪಸ್ ಸೇರಿಸ್ಕೊಳ್ಳಲಿಲ್ಲ ಚಾಚಾ?"

ಅವರು ಒಳಗೆ ಕೈ ತೋರಿಸಿದರು. ಕಿಟಕಿಯ ಪಕ್ಕ ಗಾಜಿನ ಬಾಗಿಲಿನ ದೊಡ್ಡ ಯಂತ್ರ, ಅದರ ಮುಂದೆ ಕಂಪ್ಯೂಟರಿನ ಪರದೆ. "ಅಣ್ಣನ ಮೆಷಿನ್ ಅಲ್ಲಿತ್ತು. ಅವರಿಲ್ಲದ ಮೂರು ತಿಂಗಳಲ್ಲಿ ಗುಜರಿಗೆ ಹೋಯ್ತು, ಇದು ಬಂತು. ಆವತ್ತು ಡಬ್ಬಿ ಹಿಡ್ಕೊಂಡು ಟೈಮಿಗೆ ಸರಿಯಾಗಿ ಬಂದ್ರು. ನಾವ್ಯಾರೂ ಮೊದಲೇ ಹೇಳಿರ್ಲಿಲ್ಲ, ತಪ್ಪು ನಮ್ದೂ ಇದೆ. ಆ ಜಾಗ ನೋಡ್ತಾ ನಿಂತ್ರು. ಓನರ್ ಬಂದು, ಪ್ಯಾಕಿಂಗಲ್ಲಿ ಏನಾದ್ರೂ ನೋಡೋಣ ಅಂದ. ಬೇಡ ಸಾರ್ ಅಂದ್ರು. ಊಟದ ಹೊತ್ತಿನವರೆಗೂ ಹೊರಗಡೆ ತೊಟ್ಟಿ ಮೇಲೆ ಕೂತಿದ್ರು. ಆಮೇಲೆ ಡಬ್ಬಿ ಬಿಚ್ಚಿ ನಮಗೆಲ್ಲಾ ಚಿತ್ರಾನ್ನ ಹಂಚಿದ್ರು. ನಾವು ಆರು ಜನ ತಿಂದ್ವಿ. ಅವರು ಮುಟ್ಟಲಿಲ್ಲ."

ಡಬ್ಬಿ ಖಾಲಿ. ನನ್ನ ಕೈಯಾರೆ ಬರೆದಿದ್ದೆ. ಮುಚ್ಚಿದ ಕಂಪನಿಯ ಮುಂದೆ ನಿಂತು ಬಂದವರು ಊಟ ಎಲ್ಲಿ ಮಾಡಿದರು ಎಂದು ಕೇಳಿರಲಿಲ್ಲ. ಅಂದು ಮನೆಗೆ ಬಂದ ಮೇಲೆ ಊಟ ಬೇಡ ಎಂದಿರಬೇಕು, ಡಬ್ಬಿ ಖಾಲಿಯಾಗಿದೆ ಎಂದು ಅಮ್ಮನೂ ಬಡಿಸಿರಲಿಲ್ಲ.

ಚಾಚಾ ಗೇಟಿನವರೆಗೆ ಬಂದರು. "ನೋಟೀಸ್‌ಗೆ ಭಯ ಪಡ್ಬೇಡ. ಕೆಲಸ ಇರ್ಲಿಲ್ಲ, ಸೆಕ್ಷನ್ ಮುಚ್ಚಿದ್ವಿ ಅಂತ ಓನರ್ ಕೈಲಿ ಲೆಟರ್ ಬರೆಸ್ಕೊಡ್ತೀನಿ. ಅಷ್ಟೂ ಮಾಡದೆ ಇರ್ತಾನಾ?"

ಆಗಲಿ ಎಂದೆನೋ, ಬೇಡ ಎಂದೆನೋ ನೆನಪಿಲ್ಲ. ಅಂದಿನ ಪುಟದಲ್ಲೂ ಅದಿಲ್ಲ.

ಮನೆಗೆ ಹೋಗುವ ಧೈರ್ಯ ಬರಲಿಲ್ಲ. ರಿಂಗ್ ರೋಡಿನ ಬಸ್ಸು ಹತ್ತಿ ಕಲ್ಯಾಣ ನಗರಕ್ಕೆ ಹೋದೆ. ಅಪ್ಪ ಗೇಟಿನ ಪಕ್ಕದ ಪುಟ್ಟ ಕೋಣೆಯಲ್ಲಿ ನೀಲಿ ಯೂನಿಫಾರ್ಮಿನಲ್ಲಿ ಕೂತು ರಿಜಿಸ್ಟರ್ ಬರೆಯುತ್ತಿದ್ದರು. ಬಂದವರ ಹೆಸರು, ಗಾಡಿ ನಂಬರು, ಬಂದ ವೇಳೆ, ಹೋದ ವೇಳೆ.

"ಏನಮ್ಮಾ, ವಿಸಿಟರಾ? ಸೈನ್ ಮಾಡಿ ಒಳಗೆ ಬನ್ನಿ," ಎಂದು ನಕ್ಕರು. ಆಮೇಲೆ ನನ್ನ ಮುಖ ನೋಡಿದರು. ನೋಟ ನಿಧಾನವಾಗಿ ಕೆಳಗಿಳಿದು ನನ್ನ ಕಾಲಿನ ಮೇಲೆ ನಿಂತಿತು.

ಬಗ್ಗಿ, ನನ್ನ ಚಪ್ಪಲಿಯ ಅಟ್ಟೆಗೆ ಸಿಕ್ಕಿಕೊಂಡಿದ್ದ ಏನನ್ನೋ ಎಳೆದು ತೆಗೆದರು. ಲೇತಿನಿಂದ ಬೀಳುವ ಕಬ್ಬಿಣದ ಸುರುಳಿ. ಬೆರಳ ತುದಿಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದರು.

"ನೀಲಿ ಆಗಿದೆ ನೋಡು," ಎಂದರು. "ಸ್ಪೀಡು ಜಾಸ್ತಿ ಇಟ್ಟಿದಾರೆ. ಟೂಲ್ ಬೇಗ ಸವೆಯುತ್ತೆ."

ಒಂದು ಕಾರು ಬಂತು. ಅಪ್ಪ ಎದ್ದು ಹೋಗಿ ಗೇಟು ತೆರೆದು, ಸೆಲ್ಯೂಟ್ ಹೊಡೆದು, ನಂಬರು ಬರೆದುಕೊಂಡು ಬಂದರು.

"ಚಾಚಾ ಇದ್ರಾ?"

"ಇದ್ರು. ನೀವು ಫೋನ್ ಮಾಡಲ್ಲ ಅಂದ್ರು."

"ಹೂಂ."

"ಯಾಕಪ್ಪಾ ಹೇಳ್ಲಿಲ್ಲ?"

"ಏನಂತ ಹೇಳೋದು? ನಾನೇ ಬಿಟ್ಟೆ ಅಂದ್ರೆ ನೀನು ಕಾಲೇಜ್ ಬಿಡ್ತೀನಿ ಅಂತಿದ್ದೆ. ಗೊತ್ತಿಲ್ವಾ ನಿನ್ನ? ಹಟಮಾರಿ." ಸುರುಳಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡರು. "ಎರಡು ತಿಂಗಳ ಮಾತು ಅಂದ್ಕೊಂಡೆ. ವಾಪಸ್ ಸೇರಿದ್ಮೇಲೆ, ಕಂಪನಿ ತೆಗೆದ್ರು ಅಂದಿದ್ರೆ ಮುಗೀತಿತ್ತು. ನಿನ್ನ ಬುಕ್ಕಲ್ಲಿ ಏನಂತ ಇದೆ?"

"ಮುಚ್ಚಿತು ಅಂತ."

"ಹಂಗೇ ಇರ್ಲಿ ಬಿಡು. ನೋಟೀಸ್‌ಗೂ ಹಂಗೇ ಬರಿ. ಯಾರ್ ಬಂದು ನೋಡ್ತಾರೆ?"

ಓನರಿನ ಪತ್ರ ಸಿಗುತ್ತಿತ್ತು. ಅಪ್ಪನೇ ಬರಿ ಎನ್ನುತ್ತಿದ್ದರು. ಹಣವೂ ಉಳಿಯುತ್ತಿತ್ತು. ಆದರೆ ಹಾಗೆ ಬರೆದರೆ ಅಪ್ಪ ಬಿಟ್ಟುಕೊಟ್ಟದ್ದು ಎಲ್ಲೂ ಇರುವುದಿಲ್ಲ. ನನ್ನ ಪುಸ್ತಕದಲ್ಲಂತೂ ಇಲ್ಲ, ಸರ್ಕಾರದ ಕಾಗದದಲ್ಲೂ ಇರುವುದಿಲ್ಲ. ಅವರು ಕೆಲಸ ಕಳೆದುಕೊಂಡವರಾಗುತ್ತಾರೆ, ಅಷ್ಟೇ.

"ನಾನು ಸುಳ್ಳು ಬರೆಯಲ್ಲ ಅಪ್ಪಾ," ಎಂದೆ. "ಟ್ಯಾಕ್ಸ್ ನಾನ್ ಕಟ್ತೀನಿ. ನನ್ನ ಸಂಬಳ ಇದೆ."

ಅವರು ರಿಜಿಸ್ಟರಿನ ಪುಟ ಸರಿಮಾಡುತ್ತ ಕೂತರು. "ಅಮ್ಮಂಗೆ ಹೇಳ್ಬೇಡ," ಎಂದರು ಆಮೇಲೆ.

ಉತ್ತರವನ್ನು ನಾನೇ ಬರೆದೆ, ಜೋಗುಪಾಳ್ಯದವರು ತಿದ್ದಿಕೊಟ್ಟರು. ಬೀಗದ ಫೋಟೋ ಎಲ್ಲಿ ಎಂದು ಅವರು ಕೇಳಿದಾಗ, ಬೀಗ ಇಲ್ಲ ಸರ್ ಎಂದೆ. ಅವರು ಪೆನ್ನು ಎತ್ತಿಕೊಂಡು, "ಪರವಾಗಿಲ್ಲಮ್ಮಾ, ನಿಯಮ ಗೊತ್ತಿರ್ಲಿಲ್ಲ, ತೆರಿಗೆ ಕಟ್ತೀವಿ, ದಂಡ ಬಿಡಿ ಅಂತ ಕೇಳೋಣ," ಎಂದರು. ಹೆಚ್ಚು ಪ್ರಶ್ನೆ ಕೇಳಲಿಲ್ಲ.

ನವೆಂಬರ್ 16ರ ಭಾನುವಾರ ಬೆಳಗ್ಗೆ, ಅಮ್ಮ ಮಾರ್ಕೆಟ್ಟಿಗೆ ಹೋದಾಗ, ಅಪ್ಪನಿಗೆ ಓದಿ ಹೇಳಿದೆ. "ಮಗಳ ಎರಡನೇ ವರ್ಷದ ಕಾಲೇಜು ಶುಲ್ಕಕ್ಕಾಗಿ ಸ್ವಂತ ಇಚ್ಛೆಯಿಂದ ಕೆಲಸ ಬಿಟ್ಟು..." ಅಲ್ಲಿಗೆ ನಿಲ್ಲಿಸಿದರು.

"ಮಗಳ ವಿಷಯ ತೆಗಿ."

"ಅದೇ ನಿಜ ಅಲ್ವಾಪ್ಪಾ?"

"ನಿಜ ಇರ್ಬಹುದು. ಅವರಿಗ್ಯಾಕೆ ಅದು? ನಾಳೆ ಎಲ್ಲಾದ್ರೂ ನಿನ್ನ ಹೆಸರು ಇದರಲ್ಲಿ ಬರೋದು ಬೇಡ. ಸ್ವಂತ ಕಾರಣ ಅಂತ ಹಾಕು. ರಾಜೀನಾಮೇಲೂ ಅದನ್ನೇ ಬರ್ದಿದ್ದೆ."

ತೆಗೆದೆ. ಅಪ್ಪನ ಫೋನಿಗೆ ಬಂದ ನಂಬರನ್ನು ಅವರು ಒಂದೊಂದೇ ಅಂಕಿಯಾಗಿ ಓದಿದರು, ನಾನು ಒತ್ತಿದೆ. ಉತ್ತರ ಹೋಯಿತು. ಇನ್ನೂ ಮೂರು ದಿನ ಬಾಕಿ ಇತ್ತು. ತೆರಿಗೆಯನ್ನೂ ಬಡ್ಡಿಯನ್ನೂ ಅಂದೇ ಕಟ್ಟಿದೆವು. ದಂಡದ ವಿಷಯ ಇದನ್ನು ಬರೆಯುವವರೆಗೂ ತಿಳಿದಿಲ್ಲ.

ಅಮ್ಮನಿಗೆ ನಾವು ಯಾರೂ ಹೇಳಲಿಲ್ಲ. ಆದರೆ ಅದಕ್ಕೂ ಎರಡು ದಿನ ಮೊದಲು, ಶುಕ್ರವಾರ, ಅವಳು ಯೂನಿಫಾರ್ಮ್ ಒಗೆಯಲು ಜೇಬು ತಡಕಿದ್ದಳು. ನಾನು ಡ್ಯೂಟಿಗೆ ಹೊರಡುತ್ತಿದ್ದೆ. ಕಬ್ಬಿಣದ ಸುರುಳಿ ಅವಳ ಅಂಗೈಯಲ್ಲಿತ್ತು. ಜೇಬಿನ ಬಟ್ಟೆಯ ಮೇಲೆ ತುಕ್ಕಿನ ಸಣ್ಣ ಕಲೆಯಾಗಿತ್ತು. ನಾಲ್ಕು ವರ್ಷ ಎಂಟು ತಿಂಗಳು ಅಪ್ಪನ ಪ್ಯಾಂಟಿನ ಮಡಿಕೆಯಿಂದ ಇಂಥ ಸುರುಳಿಗಳನ್ನು ಆರಿಸಿ ತೆಗೆದವಳು ಅವಳು. ಹಳೆಯದಾವುದು, ಹೊಸದಾವುದು ಎಂದು ಅವಳಿಗೆ ಹೇಳಿಕೊಡಬೇಕಾಗಿಲ್ಲ. ಹೊಸದೆಂದರೆ ಯಂತ್ರಗಳು ಇನ್ನೂ ಓಡುತ್ತಿವೆ ಎಂದೇ ಅರ್ಥ. ನನ್ನನ್ನು ನೋಡಿದಳು. ನಾನು ಶೂ ಲೇಸು ಕಟ್ಟಿಕೊಂಡೆ. ಅವಳು ಅದನ್ನು ಹೊಲಿಗೆಯ ಡಬ್ಬದಲ್ಲಿ, ಸೂಜಿಗಳ ಪಕ್ಕ ಇಟ್ಟು ಮುಚ್ಚಿದಳು.

ಅಂದಿನಿಂದ ಅಮ್ಮ ಓನರಿಗೆ ಶಾಪ ಹಾಕಿಲ್ಲ. ಇವತ್ತಿಗೆ ಹತ್ತೊಂಬತ್ತು ದಿನ. ಮೊನ್ನೆ ಹಾಲು ಒಡೆದಾಗ ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡು, ಅಪ್ಪನ ತಟ್ಟೆಗೆ ಕೇಳದೆಯೇ ಇನ್ನೊಂದು ಸೌಟು ಅನ್ನ ಹಾಕಿದಳು.

ನಿನ್ನೆ ಹಳೆಯ ಪುಸ್ತಕ ತೆಗೆದೆ. ಏಪ್ರಿಲ್ 15ರ "ಕಂಪನಿ ಮುಚ್ಚಿತು" ಎಂಬ ಸಾಲಿಗೆ ಒಂದು ಗೆರೆ ಎಳೆದು, ಪಕ್ಕದಲ್ಲಿ "ಅಪ್ಪ ಕೆಲಸ ಬಿಟ್ಟರು, ನನ್ನ ಫೀಸಿಗೆ" ಎಂದು ಬರೆದೆ. ಜುಲೈ 12ರ ಪುಟದಲ್ಲಿ "ತೆಗೆದಿಲ್ಲವಂತೆ" ಎಂಬುದಕ್ಕೆ ಗೆರೆ ಎಳೆದೆ. "ಡಬ್ಬಿ ಖಾಲಿ" ಎಂಬುದು ತಪ್ಪಲ್ಲ, ಅದನ್ನು ಮುಟ್ಟಲಿಲ್ಲ. ಅದರ ಮುಂದೆ ಇಷ್ಟು ಸೇರಿಸಿ, ದಿನಾಂಕ ಹಾಕಿ ಸಹಿ ಮಾಡಿದೆ: "ಚಿತ್ರಾನ್ನ. ಆರು ಜನ ತಿಂದರು. ಅಪ್ಪ ತಿನ್ನಲಿಲ್ಲ."